ಬೇಸಿಗೆಯ ಮೊದಲ ವಾರಗಳಿಗೆ ಯಾವ ಪಾನೀಯ? ಮಲೆನಾಡಿನ ಮನೆಗಳಿಗೊಂದು ಹೋಲಿಕೆ

ಶಿವರಾತ್ರಿ ಕಳೆಯುತ್ತಿದ್ದಂತೆ ಶಿವಮೊಗ್ಗ ಸೀಮೆಯ ಮನೆಗಳಲ್ಲಿ ಮಧ್ಯಾಹ್ನದ ಚಹಾ ಹಿಂದೆ ಸರಿಯುತ್ತದೆ, ಅದರ ಜಾಗಕ್ಕೆ ಏನು ಬರಬೇಕೆಂಬ ಪ್ರಶ್ನೆ ಏಳುತ್ತದೆ. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಮಕ್ಕಳಿಗೆ ಸಿಹಿಯಿಲ್ಲದೆ ಗಂಟಲಿಗೆ ಇಳಿಯುವುದಿಲ್ಲ, ಅಡಿಕೆ ತೋಟಕ್ಕೆ ನೀರು ಬಿಟ್ಟು ಬರುವವರಿಗೆ ಲೋಟ ಸಾಲದು, ಚೊಂಬೇ ಬೇಕು. ಇದರ ನಡುವೆ ಹೇಳದೆ ಬರುವ ನೆಂಟರಿದ್ದಾರೆ. ಮಜ್ಜಿಗೆ, ಮಾವಿನಕಾಯಿಯ ಅಪ್ಪೆಹುಳಿ, ಮುರುಗಲು (ಪುನರ್ಪುಳಿ, ಅಂದರೆ ಕೋಕಂ), ಸೊಗದೆ ಬೇರು (ನನ್ನಾರಿ), ಎಳನೀರು, ಕಬ್ಬಿನ ಹಾಲು ಎಂದು ಆಯ್ಕೆಗಳು ಹಲವಾಗಿರುವುದರಿಂದ ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಂದು, ಅರ್ಧ ಬಳಸಿ, ಉಳಿದದ್ದನ್ನು ಮಳೆಗಾಲದಲ್ಲಿ ಎಸೆಯುವ ಮನೆಗಳೇ ಹೆಚ್ಚು. ಮಾರ್ಚ್ ಮೊದಲಿನಿಂದ ಏಪ್ರಿಲ್ ನಡುವಿನವರೆಗಿನ ಅವಧಿಗೆ ಯಾವ ಮನೆಗೆ ಯಾವುದು ಹೊಂದೀತು ಎಂಬುದನ್ನು ನಿರ್ಧರಿಸಲು ನೆರವಾಗಲೆಂದು ಈ ಹೋಲಿಕೆಯನ್ನು ಮಾಡಿದ್ದೇನೆ.

ಮೊದಲು ಅಳತೆಗೋಲುಗಳನ್ನು ಹೇಳಿಬಿಡುತ್ತೇನೆ. ಬೆವರಿನಲ್ಲಿ ಹೋಗುವುದು ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಪಾನೀಯವು ಎರಡನ್ನೂ ಹಿಂದಿರುಗಿಸುತ್ತದೆಯೇ ಎಂಬುದು ಮೊದಲನೆಯ ಪ್ರಶ್ನೆ. ಎರಡನೆಯದು ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯು ಆಹಾರಕ್ಕೆ ಸೇರಿಸುವ ಸಕ್ಕರೆ, ಬೆಲ್ಲ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ಇವೆಲ್ಲವೂ ಸೇರಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂದು ಹೇಳುತ್ತದೆ. ವಯಸ್ಕರ ಲೆಕ್ಕದಲ್ಲಿ ಇದು ಸುಮಾರು 50 ಗ್ರಾಂ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆಂಬುದು ಅದೇ ಸಂಸ್ಥೆಯ ಸಲಹೆ. ಬೇಸಿಗೆಯಲ್ಲಿ ಈ ಮಿತಿಯನ್ನು ಅನ್ನ, ತಿಂಡಿಗಳಿಗಿಂತ ಪಾನೀಯಗಳೇ ಬೇಗ ದಾಟಿಸುತ್ತವೆ. ಮೂರನೆಯದು ಕೆಲಸ ಮತ್ತು ಬಾಳಿಕೆ: ದಿನವೂ ಮಾಡಬೇಕೇ, ಒಮ್ಮೆ ಮಾಡಿಟ್ಟರೆ ಸಾಕೇ, ಕರೆಂಟು ಹೋಗಿ ಫ್ರಿಜ್ ನಿಂತರೂ ಉಳಿಯುತ್ತದೆಯೇ. ನಾಲ್ಕನೆಯದು ಖರ್ಚು. ಐದನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಆ ವಸ್ತು ಈ ತಿಂಗಳಲ್ಲಿ ನಿಜವಾಗಿ ಸಿಗುತ್ತದೆಯೇ, ಅಥವಾ ಹೋದ ವರ್ಷದ್ದನ್ನು ಹೊಸದೆಂದು ಕೊಳ್ಳುತ್ತಿದ್ದೇವೆಯೇ?

ತಂಪು, ಉಷ್ಣ ಎಂಬ ಹಳೆಯ ವಿಂಗಡಣೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಅದರಲ್ಲಿ ನಂಬಿಕೆಯಿಲ್ಲವೆಂದಲ್ಲ, ಆದರೆ ಒಂದು ಮನೆಯಲ್ಲಿ ಎಳ್ಳನ್ನು ಉಷ್ಣವೆಂದು ದೂರವಿಟ್ಟರೆ ಪಕ್ಕದ ಮನೆಯಲ್ಲಿ ಎಳ್ಳು ಪಾನಕವನ್ನೇ ತಂಪೆಂದು ಕುಡಿಯುತ್ತಾರೆ, ಆದ್ದರಿಂದ ಹೋಲಿಕೆಗೆ ಅದು ಒದಗುವುದಿಲ್ಲ.

ಮಜ್ಜಿಗೆಯಿಂದ ಆರಂಭಿಸುವುದು ಸರಿ, ಏಕೆಂದರೆ ಉಳಿದವನ್ನೆಲ್ಲ ಇದರ ಪಕ್ಕದಲ್ಲಿಟ್ಟೇ ತೂಗಬೇಕಾಗುತ್ತದೆ. ನೀರು, ಉಪ್ಪು, ಅಲ್ಪ ಪ್ರಮಾಣದ ಪ್ರೋಟೀನು ಮೂರೂ ಇದರಲ್ಲಿವೆ; ಹೊರಗಿನಿಂದ ಸೇರಿಸಿದ ಸಕ್ಕರೆ ಇಲ್ಲ. ಅರ್ಧ ಲೀಟರ್ ಮೊಸರಿಗೆ ಮೂರು ಪಾಲು ನೀರು ಸೇರಿಸಿ ಕಡೆದರೆ ಹತ್ತು ಲೋಟ ಆಗುತ್ತದೆ, ಆದ್ದರಿಂದ ಖರ್ಚಿನಲ್ಲಿ ಇದನ್ನು ಮೀರಿಸುವ ಪಾನೀಯವಿಲ್ಲ. ಮಲೆನಾಡಿನ ಮನೆಗಳು ಇದಕ್ಕೆ ಜಜ್ಜಿದ ಶುಂಠಿ, ಇಂಗು, ಕರಿಬೇವು ಹಾಕುತ್ತವೆ. ಹಿತ್ತಿಲಿನಲ್ಲಿ ಮಜ್ಜಿಗೆ ಹುಲ್ಲು ಇದ್ದರೆ ಅದರ ಎರಡು ಎಸಳನ್ನು ಗಂಟು ಹಾಕಿ ಪಾತ್ರೆಯಲ್ಲಿ ಬಿಡುತ್ತವೆ. ಅರ್ಧ ಗಂಟೆಯಲ್ಲಿ ಅದರ ನಿಂಬೆಯ ಘಮ ಇಳಿದಿರುತ್ತದೆ. ಕೊರತೆ ಎಂದರೆ ಬಾಳಿಕೆ: ಬೆಳಿಗ್ಗೆ ಕಡೆದದ್ದು ಸಂಜೆಯ ವೇಳೆಗೆ ಹುಳಿಯಾಗುತ್ತದೆ, ಏಪ್ರಿಲ್‌ನಲ್ಲಿ ಇನ್ನೂ ಬೇಗ. ರಕ್ತದೊತ್ತಡ ಇರುವವರು ಉಪ್ಪಿನ ಲೆಕ್ಕ ಇಟ್ಟುಕೊಳ್ಳಬೇಕು. ಒಂದು ಲೋಟಕ್ಕೆ ಕಾಲು ಚಮಚ ಹಾಕಿದರೂ ಅದು ಸುಮಾರು ಒಂದೂವರೆ ಗ್ರಾಂ. ದಿನಕ್ಕೆ 5 ಗ್ರಾಂ ಎಂಬ ಮಿತಿಯಲ್ಲಿ ಮೂರು ಲೋಟವೇ ಬಹುಪಾಲನ್ನು ತಿಂದುಹಾಕುತ್ತದೆ. ಅಂಥವರಿಗೆ ಉಪ್ಪಿಲ್ಲದೆ ಶುಂಠಿ, ಮಜ್ಜಿಗೆ ಹುಲ್ಲಿನ ರುಚಿಯಲ್ಲೇ ನಿಲ್ಲುವ ಮಜ್ಜಿಗೆ ಮಾಡಬಹುದು, ಅದು ಸಪ್ಪೆ ಎನಿಸುವುದೂ ಇಲ್ಲ.

ತಂಬುಳಿಯನ್ನು ಪ್ರತ್ಯೇಕ ಆಯ್ಕೆಯಾಗಿ ಎಣಿಸದೆ ಮಜ್ಜಿಗೆಯ ಮುಂದುವರಿಕೆಯೆಂದು ನೋಡುವುದು ಉಚಿತ. ತೋಟದ ಬಸಿಗಾಲುವೆಯ ಅಂಚಿನಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಒಂದೆಲಗ, ಕುಂಡದಲ್ಲಿರುವ ದೊಡ್ಡಪತ್ರೆ, ಏನೂ ಸಿಗದಿದ್ದರೆ ಅಡುಗೆಮನೆಯ ಮೆಂತೆ ಅಥವಾ ಜೀರಿಗೆ, ಯಾವುದಾದರೊಂದನ್ನು ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಊಟದ ಮೊದಲ ಅನ್ನಕ್ಕೆ ಕಲಸಿಕೊಂಡು ಮಿಕ್ಕದ್ದನ್ನು ಲೋಟಕ್ಕೆ ಸುರಿದು ಕುಡಿಯಬಹುದು. ಕಾಯಿ ಇರುವುದರಿಂದ ಮಜ್ಜಿಗೆಗಿಂತ ಬೇಗ ಕೆಡುತ್ತದೆ, ಮಧ್ಯಾಹ್ನಕ್ಕೆ ಮಾಡಿದ್ದನ್ನು ಮಧ್ಯಾಹ್ನವೇ ಮುಗಿಸಬೇಕು.

ಇನ್ನು ಅಪ್ಪೆಹುಳಿ. ಸಂತೋಷವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಅಪ್ಪೆಮಿಡಿ ಎಂಬ ಮಾವಿನ ಎಳೆಗಾಯಿಯ ಕಾಲ ಇದೇ. ಸಾಗರ, ಹೊಸನಗರ, ರಿಪ್ಪನ್‌ಪೇಟೆಗಳ ಕಡೆ ಮಿಡಿಯನ್ನು ಲೆಕ್ಕದಲ್ಲಿ ಎಣಿಸಿ ಮಾರುತ್ತಾರೆ. ಉಪ್ಪಿನಕಾಯಿಗೆ ಬೇಕಾದದ್ದು ಒಳಗಿನ ಓಟೆ ಇನ್ನೂ ಗಟ್ಟಿಯಾಗದ, ತೊಟ್ಟು ಉಳಿದಿರುವ ಎಳೆಯ ಮಿಡಿ, ಅದಕ್ಕೆ ಬೆಲೆಯೂ ಹೆಚ್ಚು. ಅಪ್ಪೆಹುಳಿಗೆ ಅಷ್ಟು ದುಬಾರಿಯ ಮಿಡಿ ಬೇಕಿಲ್ಲ. ಬಲಿತು ಉಪ್ಪಿನಕಾಯಿಗೆ ಆಗದೆ ಉಳಿದದ್ದು, ಗಾಳಿಗೆ ಉದುರಿದ್ದು, ತೊಟ್ಟು ಮುರಿದದ್ದು ಎಲ್ಲವೂ ನಡೆಯುತ್ತದೆ, ಇಂಥ ಕಾಯಿಯನ್ನು ಕೇಳಿದರೆ ಮಾರುವವರು ಕಡಿಮೆ ಬೆಲೆಗೆ ಕೊಡುವುದುಂಟು. ಘಮವೆಲ್ಲ ಸೊನೆಯಲ್ಲಿರುವುದರಿಂದ ಕಾಯಿಯನ್ನು ಮೂಸಿ ನೋಡಿ ಆರಿಸಬೇಕು. ಗಾತ್ರವನ್ನು ನೋಡಿ ಆರಿಸಿದವರಿಗೆ ಬರಿಯ ಹುಳಿ ಸಿಗುತ್ತದೆ.

ಮಾಡುವ ಕ್ರಮ ಸರಳ. ಎರಡು ಮೂರು ಕಾಯಿಗಳನ್ನು ಬೇಯಿಸಿ, ಕಿವುಚಿ, ಸಿಪ್ಪೆ ಮತ್ತು ಓಟೆ ತೆಗೆದು, ಒಂದು ಲೀಟರಿನಷ್ಟು ನೀರು, ಉಪ್ಪು, ಸೀಳಿದ ಹಸಿಮೆಣಸು ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಡುವುದು. ಬೆಲ್ಲ ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಒಗ್ಗರಣೆಯ ಇಂಗು ಜೋರಾಗಿದ್ದರೆ ಬೆಲ್ಲ ಬೇಡವೆಂಬುದು ನನ್ನ ಮತ. ನೀರು, ಉಪ್ಪು ಎರಡನ್ನೂ ಕೊಡುತ್ತದೆ, ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಖರ್ಚೂ ಅಲ್ಪ. ಹಾಗಿದ್ದ ಮೇಲೆ ಇದೇ ಏಕೆ ದಿನನಿತ್ಯದ ಪಾನೀಯವಾಗಬಾರದು ಎಂದು ಕೇಳಬಹುದು. ಕಾರಣಗಳು ಎರಡು. ಹುಳಿಯ ತೀವ್ರತೆಯಿಂದಾಗಿ ಎದೆಯುರಿ, ಆಮ್ಲಪಿತ್ತ ಇರುವವರಿಗೆ ಖಾಲಿ ಹೊಟ್ಟೆಯಲ್ಲಿ ಇದು ಹೊಂದುವುದಿಲ್ಲ. ಎರಡನೆಯದಾಗಿ, ಊಟದ ಕೊನೆಗೆ ಎರಡು ಲೋಟ ಅಪ್ಪೆಹುಳಿ ಕುಡಿದವರಿಗೆ ನಿದ್ದೆ ಬರುತ್ತದೆಂಬ ಮಾತು ನಮ್ಮ ಕಡೆ ಚಾಲ್ತಿಯಲ್ಲಿದೆ. ಅದು ಹುಳಿಯ ಗುಣವೋ, ಅದಕ್ಕೆ ಮೊದಲು ಉಂಡ ಊಟದ ಗುಣವೋ, ಮಧ್ಯಾಹ್ನ ಮೂರು ಗಂಟೆಗೆ ಕಚೇರಿಯಲ್ಲಿ ಕೂರಬೇಕಾದವರು ಭಾನುವಾರಕ್ಕೆ ಇದನ್ನು ಇಟ್ಟುಕೊಳ್ಳುವುದೇ ಕ್ಷೇಮ.

ಮುರುಗಲಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅಂಗಡಿಯಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇದರಲ್ಲೇ. ಮುರುಗಲು ಹಣ್ಣಾಗುವುದು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಅಂದಮೇಲೆ ಮಾರ್ಚ್‌ನಲ್ಲಿ ಕೊಳ್ಳುವ ಸಿಪ್ಪೆಯಾಗಲಿ, ಸಿರಪ್ ಆಗಲಿ ಹಿಂದಿನ ಬೇಸಿಗೆಯದೇ. ಅದರಲ್ಲಿ ದೋಷವೇನೂ ಇಲ್ಲ, ಚೆನ್ನಾಗಿ ಒಣಗಿಸಿದ ಸಿಪ್ಪೆ ವರ್ಷ ಪೂರ್ತಿ ಉಳಿಯುತ್ತದೆ. ಆದರೆ ಬೂಷ್ಟು ಹಿಡಿದಿಲ್ಲದ, ಬಾಗಿಸಿದರೆ ಬಳುಕುವ, ಕಪ್ಪುಗೆಂಪು ಬಣ್ಣ ಉಳಿಸಿಕೊಂಡಿರುವ ಸಿಪ್ಪೆಯನ್ನು ನೋಡಿ ತರಬೇಕು. ಬಿಳಿ ಮುರುಗಲು ಬೇಕೆನ್ನುವವರಿಗೆ ಈ ಬಣ್ಣದ ಲಕ್ಷಣ ಅನ್ವಯಿಸುವುದಿಲ್ಲ.

ಇಲ್ಲಿ ಆಯ್ಕೆ ಇರುವುದು ಒಣ ಸಿಪ್ಪೆ ಮತ್ತು ಸಿರಪ್‌ಗಳ ನಡುವೆ. ಸಿಪ್ಪೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಕಿವುಚಿದರೆ ರಸ ಬಿಡುತ್ತದೆ, ಅದಕ್ಕೆ ಉಪ್ಪು, ಜೀರಿಗೆ ಪುಡಿ ಹಾಕಿ ಖಾರದ ಕಡೆಗೂ, ಬೆಲ್ಲ ಹಾಕಿ ಸಿಹಿಯ ಕಡೆಗೂ ಒಯ್ಯಬಹುದು. ಸಿಹಿ ಎಷ್ಟಿರಬೇಕೆಂಬ ತೀರ್ಮಾನ ನಿಮ್ಮ ಕೈಯಲ್ಲಿರುತ್ತದೆ. ಸಿರಪ್‌ನಲ್ಲಿ ಆ ತೀರ್ಮಾನವನ್ನು ಮಾಡಿದವರು ಮೊದಲೇ ಮಾಡಿಬಿಟ್ಟಿರುತ್ತಾರೆ. ಕೆಡದೆ ಉಳಿಯಬೇಕಾದರೆ ಸಕ್ಕರೆ ಸಾಂದ್ರವಾಗಿರಲೇಬೇಕು, ಹಾಗಾಗಿ ಲೋಟಕ್ಕೆ 30 ಮಿಲಿ ಲೀಟರ್ ಸುರಿದುಕೊಂಡರೆ ಸುಮಾರು 20 ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ದಿನಕ್ಕೊಮ್ಮೆ ಬರುವ ನೆಂಟರಿಗೆ ಇದು ಸಮಸ್ಯೆಯಲ್ಲ. ದಿನಕ್ಕೆ ಮೂರು ಬಾರಿ ಬಾಟಲಿಯನ್ನು ಹುಡುಕುವ ಮಕ್ಕಳ ಮಟ್ಟಿಗೆ ಸಮಸ್ಯೆಯೇ. ಎರಡು ನಿಮಿಷದಲ್ಲಿ ಕೊಡಬಹುದಾದ, ಫ್ರಿಜ್ ಬೇಡದ, ನೋಡಲು ಚೆಂದದ ಪಾನೀಯ ಬೇಕಿದ್ದರೆ ಸಿರಪ್‌ಗೆ ಸಾಟಿಯಿಲ್ಲ. ಮನೆಯವರ ನಿತ್ಯಬಳಕೆಗೆ ಒಣ ಸಿಪ್ಪೆಯೇ ಮೇಲು.

ಬಣ್ಣದ ಬಗ್ಗೆ ಅನುಮಾನವಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಮುರುಗಲಿನ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ ಬರುತ್ತದೆ, ಅದು ಕ್ಷಾರಕ್ಕೆ ಬಣ್ಣ ಬದಲಿಸುತ್ತದೆ. ತೆಳ್ಳಗೆ ಮಾಡಿದ ಪಾನೀಯವನ್ನು ಸಣ್ಣ ಲೋಟದಲ್ಲಿ ತೆಗೆದುಕೊಂಡು ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತಾ ಹೋದರೆ ನಿಜವಾದ ಮುರುಗಲಿನ ಕೆಂಪು ಅಳಿದು ನೀಲಿ, ಹಸಿರು ಬೆರೆತ ಮಂಕು ಬಣ್ಣಕ್ಕೆ ತಿರುಗುತ್ತದೆ. ಕೃತಕ ಕೆಂಪು ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತದೆ. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿಬಿಡಿ. ಇನ್ನೊಂದು ಸೂಚನೆ: ಹುಳಿ ಹೆಚ್ಚಿರುವುದರಿಂದ ಮುರುಗಲನ್ನು ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆಗಳಲ್ಲಿ ನೆನೆಸಬಾರದು. ಸ್ಟೀಲು, ಗಾಜು ಅಥವಾ ಪಿಂಗಾಣಿ ಭರಣಿ ಆದೀತು.

ಸೊಗದೆ ಬೇರಿನ ಷರಬತ್ತನ್ನು ಘಮಕ್ಕಾಗಿ ಕುಡಿಯಬೇಕು. ನೀರಿಗೆ ರುಚಿ ಬರುತ್ತದೆ, ಇದರಿಂದ ದಿನದಲ್ಲಿ ಕುಡಿಯುವ ನೀರಿನ ಪ್ರಮಾಣ ತಾನಾಗಿ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಮಹಿಮೆಯನ್ನು ಅದರ ಮೇಲೆ ಹೊರಿಸುವ ಅಗತ್ಯವಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಬೇರು ಸಿಗುತ್ತದೆ. ಮಣ್ಣು ಹೋಗುವಂತೆ ತೊಳೆದು, ಜಜ್ಜಿ, ನಡುವಿನ ಗಟ್ಟಿ ನಾರನ್ನು ತೆಗೆದು, ಹೊರತೊಗಟೆಯನ್ನು ಬಿಸಿನೀರಿನಲ್ಲಿ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಕುದಿಸಿದರೆ ಘಮದ ಅಂಶ ಆವಿಯೊಡನೆ ಹೋಗಿಬಿಡುತ್ತದೆ, ಕಹಿ ಉಳಿಯುತ್ತದೆ. ಸಕ್ಕರೆ ಹಾಕದೆ, ಬರಿಯ ಸೊಗದೆ ನೀರನ್ನೇ ಮಡಕೆಯಲ್ಲಿಟ್ಟು ಕುಡಿಯುವುದು ಸಕ್ಕರೆ ಕಾಯಿಲೆಯವರಿಗೂ ಸಲ್ಲುವ ಕ್ರಮ. ಲಾವಂಚದ ಬೇರನ್ನು ಹೀಗೆಯೇ ಬಳಸಬಹುದು. ಮಡಕೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಮೈಯಿಂದ ನೀರು ಆವಿಯಾದಷ್ಟೇ ಮಡಕೆ ತಣ್ಣಗಾಗುವುದರಿಂದ ಗಾಳಿ ಒಣಗಿರುವ ಮಾರ್ಚ್‌ನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಮೇ ತಿಂಗಳ ಸೆಕೆಯಲ್ಲಿ ಅಷ್ಟು ಮಾಡುವುದಿಲ್ಲ. ಹೊಸ ಮಡಕೆ ತರುವ ಯೋಚನೆಯಿದ್ದರೆ ಬೇಸಿಗೆಯ ಆರಂಭದಲ್ಲೇ ತರಬೇಕು.

ಮುರುಗಲು, ಸೊಗದೆ ಎರಡನ್ನೂ ಕಾಡಿನಿಂದ ತಾವೇ ತರುತ್ತೇವೆ ಎನ್ನುವವರಿಗೆ ಒಂದು ಎಚ್ಚರಿಕೆ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳ ಮೂಲಕ ಹರಡುತ್ತದೆ, ಅದರ ಹಾವಳಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲೇ ಹೆಚ್ಚು. ಮಂಗಗಳು ಸತ್ತ ಸುದ್ದಿ ಇರುವ ಕಡೆ ಹಣ್ಣು ಹೆಕ್ಕಲು ಹೋಗುವುದು ಬೇಡವೇ ಬೇಡ. ಬೇರೆಡೆ ಹೋಗಲೇಬೇಕಾದವರು ಮೈ ಮುಚ್ಚುವ ಬಟ್ಟೆ ತೊಟ್ಟು, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಹಚ್ಚಿಕೊಂಡು, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಒಗೆಯಬೇಕು. ಸೊಗದೆಯ ಬೇರು ಕಿತ್ತರೆ ಬಳ್ಳಿಯೇ ಹೋಗುತ್ತದೆ, ಆದ್ದರಿಂದ ಅದನ್ನು ಅಂಗಡಿಯಿಂದ ತರುವುದು ಅಥವಾ ಹಿತ್ತಿಲಿನಲ್ಲಿ ನೆಟ್ಟುಕೊಳ್ಳುವುದು ಲೇಸು.

ಎಳನೀರಿಗೆ ಇರುವ ಗೌರವ ದೊಡ್ಡದು, ಬೆಲೆಯೂ ಈಗ ದೊಡ್ಡದಾಗಿದೆ. ನಾಲ್ಕು ಜನರ ಕುಟುಂಬ ದಿನಕ್ಕೊಂದರಂತೆ ಕುಡಿದರೆ ತಿಂಗಳ ಹಾಲಿನ ಖರ್ಚನ್ನು ಮೀರಿಸುತ್ತದೆ. ಪೊಟ್ಯಾಸಿಯಂ ಸಮೃದ್ಧವಾಗಿದೆ, ನೂರು ಮಿಲಿ ಲೀಟರಿಗೆ ಸುಮಾರು 250 ಮಿಲಿ ಗ್ರಾಂ; ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಅದಕ್ಕೆ ಹೋಲಿಸಿದರೆ ಕಡಿಮೆ. ಬಿಸಿಲಿನಲ್ಲಿ ಮೈಮುರಿದು ದುಡಿದವರಿಗೆ ಎಳನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ ಹೆಚ್ಚು ಒದಗುತ್ತದೆಂಬುದು ಇದರ ಅರ್ಥ. ಮೂತ್ರಪಿಂಡದ ತೊಂದರೆ ಇರುವವರು ಮತ್ತು ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುವ ಕೆಲವು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಪ್ರಯಾಣದಲ್ಲಿ, ಹೊರಗಿನ ನೀರನ್ನು ನಂಬಲಾಗದ ಜಾಗದಲ್ಲಿ, ಅದು ಕೊಡುವ ಹಣಕ್ಕೆ ಸರಿಯಾದ ಬೆಲೆ ತರುತ್ತದೆ. ಕಣ್ಣೆದುರೇ ಕೆತ್ತಿಸಿಕೊಳ್ಳಬೇಕು, ಅಷ್ಟೇ.

ಕಬ್ಬಿನ ಹಾಲಿನ ಬಗ್ಗೆ ನನ್ನ ನಿಲುವು ಸ್ವಲ್ಪ ಕಠಿಣವೆನಿಸಬಹುದು. ಸಾಗರ, ಸೊರಬದ ಕಡೆ ಆಲೆಮನೆ ನಡೆಯುತ್ತಿರುವಾಗ, ಗಾಣದಿಂದ ಇಳಿದ ಹಾಲಿಗೆ ಶುಂಠಿ, ನಿಂಬೆ ಹಿಂಡಿ ನಿಂತಲ್ಲೇ ಕುಡಿಯುವ ಅವಕಾಶ ಬಂದರೆ ಲೆಕ್ಕಾಚಾರ ಬದಿಗಿಟ್ಟು ಕುಡಿಯಿರಿ, ಮಾರ್ಚ್ ದಾಟಿದರೆ ಆ ಅವಕಾಶವೂ ಇರುವುದಿಲ್ಲ. ಆದರೆ ಪೇಟೆಯ ರಸ್ತೆಬದಿಯ ಯಂತ್ರದ ಮುಂದೆ ದಿನವೂ ನಿಲ್ಲುವ ಅಭ್ಯಾಸವನ್ನು ಯಾರಿಗೂ ಸೂಚಿಸಲಾರೆ. 250 ಮಿಲಿ ಲೀಟರಿನ ಒಂದು ಲೋಟದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ, ಮಂಜುಗಡ್ಡೆ ಯಾವ ನೀರಿನದೆಂದು ಗೊತ್ತಿರುವುದಿಲ್ಲ, ಹಿಂಡಿ ಇಟ್ಟ ರಸ ಬೇಗ ಕಪ್ಪಾಗಿ ಹುಳಿಯುತ್ತದೆ. ಕುಡಿಯುವುದಾದರೆ ಮಂಜುಗಡ್ಡೆ ಬೇಡವೆಂದು ಹೇಳಿ, ಆಗಲೇ ಹಿಂಡಿಸಿ.

ನಿಂಬೆ ಪಾನಕ, ರಾಮನವಮಿಯ ಬೆಲ್ಲದ ಪಾನಕ, ಬೇಲದ ಹಣ್ಣಿನ ಪಾನಕಗಳು ಸಂದರ್ಭಕ್ಕೆ ಬರುವಂಥವು, ಅವುಗಳ ಬಗ್ಗೆ ಗೊಂದಲವೇನೂ ಇರಲಾರದು. ಎಳ್ಳು ಪಾನಕ ಪಾನೀಯಕ್ಕಿಂತ ಆಹಾರವೇ ಹೆಚ್ಚು. ಬೆಳಗಿನ ತಿಂಡಿ ಬಿಟ್ಟು ಓಡುವ ಮಕ್ಕಳಿಗೆ ಒಳ್ಳೆಯದು, ಊಟದ ಮೇಲೆ ಭಾರವಾಗುತ್ತದೆ. ರಾಗಿ ಅಂಬಲಿಗೂ ಇದೇ ಮಾತು. ಮುಂಜಾನೆ ತೋಟಕ್ಕೆ ಇಳಿಯುವವರು ಮಜ್ಜಿಗೆ ಬೆರೆಸಿದ ಅಂಬಲಿಯನ್ನು ಕುಡಿದು ಹೊರಟರೆ ಹನ್ನೊಂದು ಗಂಟೆಯವರೆಗೆ ಹಸಿವು, ಬಾಯಾರಿಕೆ ಎರಡೂ ತಡೆಯುತ್ತವೆ.

ಇವೆಲ್ಲವನ್ನೂ ಒಂದು ಮನೆಗೆ ಹೊಂದಿಸುವುದು ಹೇಗೆ? ದುಡಿಮೆಯ ಮನೆಯಾಗಿದ್ದರೆ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ, ಇದರಾಚೆಗೆ ಹಣ ಹಾಕುವ ಅಗತ್ಯವೇ ಇಲ್ಲ. ಸಕ್ಕರೆ ಕಾಯಿಲೆಯವರು ಇರುವ ಮನೆಯಲ್ಲಿ ಮಜ್ಜಿಗೆಯ ಜೊತೆಗೆ ಸೊಗದೆ ನೀರಿನ ಮಡಕೆಯೊಂದನ್ನು ಇಟ್ಟರೆ ಅವರಿಗೂ ದಿನವೂ ಬೇರೆ ರುಚಿ ಸಿಗುತ್ತದೆ, ತಮಗೆ ಮಾತ್ರ ನಿಷೇಧವೆಂಬ ಬೇಸರ ಇರುವುದಿಲ್ಲ. ಮಕ್ಕಳಿರುವ ಮನೆಗೆ ಮುರುಗಲಿನ ಒಣ ಸಿಪ್ಪೆ ತಂದು, ಬೆಲ್ಲವನ್ನು ದೊಡ್ಡವರೇ ಅಳೆದು ಹಾಕಬೇಕು. ಶಿವಮೊಗ್ಗದಲ್ಲಿ ಕೋಣೆ ಮಾಡಿಕೊಂಡು ಓದುವ, ಫ್ರಿಜ್ಜೂ ಒಲೆಯೂ ಸರಿಯಾಗಿ ಇಲ್ಲದ ವಿದ್ಯಾರ್ಥಿಗಳಿಗೆ ಸಿರಪ್ಪಿಗಿಂತ ಮುರುಗಲಿನ ಸಿಪ್ಪೆಯ ಸಣ್ಣ ಡಬ್ಬಿ ಅಗ್ಗ. ರಾತ್ರಿ ಬಾಟಲಿಯ ನೀರಿಗೆ ನಾಲ್ಕು ಸಿಪ್ಪೆ, ಚಿಟಿಕೆ ಉಪ್ಪು ಹಾಕಿಟ್ಟರೆ ಬೆಳಿಗ್ಗೆ ಕಾಲೇಜಿಗೆ ಒಯ್ಯಬಹುದು. ನೆಂಟರು ಹೆಚ್ಚಿರುವ, ಜಾತ್ರೆ ಮದುವೆಗಳ ಮನೆಗೆ ಸಿರಪ್ಪಿನ ಒಂದು ಬಾಟಲಿ ಸಾಕು. ಅಪ್ಪೆಹುಳಿ ಎಲ್ಲರಿಗೂ ವಾರಕ್ಕೊಮ್ಮೆ ಇರಲಿ.

ತಲೆಸುತ್ತು, ವಾಂತಿ, ಬೆವರು ನಿಂತು ಮೈ ಸುಡುವುದು ಮುಂತಾದ ಲಕ್ಷಣ ಕಂಡರೆ ಈ ಯಾವ ಪಾನೀಯವೂ ಚಿಕಿತ್ಸೆಯಲ್ಲ. ಆಸ್ಪತ್ರೆಗೆ ಹೋಗಬೇಕು. ಭೇದಿಯಾದಾಗ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣವೇ ಸರಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು.

ಖರೀದಿಗೆ ಹೊರಡುವವರು ಮೊದಲು ಮಿಡಿಯನ್ನು ನೋಡಬೇಕು, ಅದು ಕಾಯುವುದಿಲ್ಲ. ಸೊಗದೆ, ಲಾವಂಚಗಳನ್ನು ಯಾವಾಗ ಬೇಕಾದರೂ ತರಬಹುದು. ಮುರುಗಲಿನ ಹಳೆಯ ಸಿಪ್ಪೆಯನ್ನು ಈಗ ಕಾಲು ಕಿಲೋಗಿಂತ ಹೆಚ್ಚು ಕೊಳ್ಳಬೇಡಿ. ಏಪ್ರಿಲ್ ಕೊನೆಗೆ ಹೊಸ ಹಣ್ಣು ಬರುತ್ತದೆ, ಮಳೆ ಹಿಡಿಯುವ ಮುನ್ನ ಒಂದು ವಾರದ ಒಳ್ಳೆಯ ಬಿಸಿಲು ಸಿಕ್ಕರೆ ಮುಂದಿನ ವರ್ಷಕ್ಕೆ ಬೇಕಾದಷ್ಟು ಸಿಪ್ಪೆಯನ್ನು ಮನೆಯ ಅಂಗಳದಲ್ಲೇ ಒಣಗಿಸಿಕೊಳ್ಳಬಹುದು.